ದಾವಣಗೆರೆಯಿಂದ ಗೋಲಗುಮ್ಮಟಕ್ಕೆ

ಮಕ್ಕಳೇ, ಮನೆಯಲ್ಲಿ 50 ರೂಪಾಯಿಯ ಹೊಸ ನೋಟಿದ್ದರೆ ಒಮ್ಮೆ ತಿರುಗಿಸಿ ನೋಡಿ. ತಿಳಿನೀಲಿ ಬಣ್ಣದ ಆ ನೋಟಿನ ಹಿಂಬದಿಯಲ್ಲಿ ಒಂದು ರಥವಿದೆ. ಅದು ಹಂಪಿಯ ವಿಜಯ ವಿಠ್ಠಲ ದೇವಾಲಯದ ಕಲ್ಲಿನ ರಥ. 10ರ ನೋಟಿನಲ್ಲಿ ಕೊನಾರ್ಕದ ಸೂರ್ಯ ದೇವಾಲಯ, 20ರಲ್ಲಿ ಎಲ್ಲೋರಾ, 100ರಲ್ಲಿ ಗುಜರಾತಿನ ರಾಣಿ ಕಿ ವಾವ್ ಎಂಬ ಮೆಟ್ಟಿಲುಬಾವಿ, 200ರಲ್ಲಿ ಸಾಂಚಿಯ ಸ್ತೂಪ, 500ರಲ್ಲಿ ದೆಹಲಿಯ ಕೆಂಪುಕೋಟೆ. ನಮ್ಮ ಕರ್ನಾಟಕದ ಪಾಲಿಗೆ ಬಂದದ್ದು ಐವತ್ತು. ನಾನು 36 ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿ ನೋಟು ಎಣಿಸಿದವನು. ಈ ನೋಟು ಬಂದದ್ದು 2017ರಲ್ಲಿ, ನಾನು ನಿವೃತ್ತನಾದ ಎಷ್ಟೋ ವರ್ಷದ ಮೇಲೆ. ಎಣಿಸುವ ಭಾಗ್ಯ ಸಿಗಲಿಲ್ಲ, ಖರ್ಚು ಮಾಡುವ ಭಾಗ್ಯ ಮಾತ್ರ ಸಿಕ್ಕಿದೆ.

ಕಳೆದ ಬೇಸಿಗೆಯಲ್ಲಿ ನಾವು ಮನೆಮಂದಿಯೆಲ್ಲ ಆ ರಥ ನೋಡಲು ಹೊರಟು, ರಥದಲ್ಲಿ ನಿಲ್ಲದೆ ವಿಜಯಪುರದ ತನಕ ಹೋಗಿ ಬಂದೆವು. ಮಗ, ಸೊಸೆ, ನನ್ನ ಮನೆಯವರು, ಮೊಮ್ಮಗ ಪುಟ್ಟು, ಮೊಮ್ಮಗಳು ಚಿನ್ನಿ, ನಾನು. ಆರು ಜನ, ಏಳು ಸೀಟಿನ ಹಳೆಯ ಗಾಡಿ. ಏಳನೆಯ ಸೀಟಿನಲ್ಲಿ ಅಜ್ಜಿಯ ಚಪಾತಿ ಡಬ್ಬಿ, ಚಟ್ನಿಪುಡಿ, ನೀರಿನ ಕ್ಯಾನು, ಮಂಡಕ್ಕಿ ಚೀಲ. ದಾವಣಗೆರೆಯವರು ಮಂಡಕ್ಕಿ ಇಲ್ಲದೆ ಊರು ಬಿಡುವುದುಂಟೇ?

ಪ್ರವಾಸದ ಮಾತಿಗೆ ಮುಂಚೆ ಪುಟ್ಟುವಿನ ಮಾತು ಹೇಳಬೇಕು. ಅವನಿಗೆ ಹನ್ನೊಂದು ವರ್ಷ. ಐದನೆಯ ತರಗತಿ ಮುಗಿಸಿದ್ದ. ಜೂನ್ ತಿಂಗಳಿಗೆ ಹೊಸ ಶಾಲೆ, ಆರನೆಯ ತರಗತಿ. ಲೆಕ್ಕದಲ್ಲಿ ಗಟ್ಟಿ, ಓದಿನಲ್ಲಿ ಗಟ್ಟಿ. ಮಾತಿನಲ್ಲಿ ಮಾತ್ರ ಉಗ್ಗು. ಎಲ್ಲ ಮಾತಿಗೂ ಉಗ್ಗುವುದಿಲ್ಲ. ಚಿನ್ನಿಯ ಜೊತೆ ಜಗಳವಾಡುವಾಗ ನೀರು ಹರಿದ ಹಾಗೆ ಮಾತು. ಹೊಸಬರು ಎದುರಿಗೆ ನಿಂತು "ನಿನ್ನ ಹೆಸರೇನಪ್ಪಾ?" ಎಂದರೆ ಮೊದಲನೆಯ ಅಕ್ಷರದಲ್ಲೇ ಸಿಕ್ಕಿಕೊಳ್ಳುತ್ತಾನೆ. ಉಗ್ಗುವವರಿಗೆ ಬೇರೆ ಮಾತಿಗಿಂತ ಸ್ವಂತ ಹೆಸರು ಹೇಳುವುದೇ ಹೆಚ್ಚು ಕಷ್ಟ ಎಂದು ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಹೇಳಿದರು. ಬೇರೆ ಮಾತಾದರೆ ಕಷ್ಟದ ಪದ ಬಿಟ್ಟು ಸುಲಭದ ಪದ ಹಾಕಬಹುದು. ಹೆಸರಿಗೆ ಬದಲಿ ಪದ ಎಲ್ಲಿಂದ ತರುವುದು?

ನೆಂಟರಿಷ್ಟರ ಸಲಹೆಗೆ ಕಡಿಮೆಯಿಲ್ಲ. ಬಜೆ ತೇಯ್ದು ನೆಕ್ಕಿಸಿ ಎಂದರು ಒಬ್ಬರು. ಬಾಯಲ್ಲಿ ಗೋಲಿ ಇಟ್ಟುಕೊಂಡು ಓದಿಸಿ ಎಂದರು ಇನ್ನೊಬ್ಬರು. ಗೋಲಿ ಗಂಟಲಿಗೆ ಇಳಿದರೆ ಯಾರು ಹೊಣೆ? ಮೈಸೂರಿನವರು ಹೇಳಿದ್ದು ಬಹಳ ಸರಳ. ಮಗುವಿಗೆ ಅಭ್ಯಾಸಗಳನ್ನು ಕಲಿಸಿಕೊಟ್ಟರು. ನಮಗೆ ಹೇಳಿದ್ದು ಇಷ್ಟೆ: ಅವನ ಮಾತನ್ನು ನೀವು ಮುಗಿಸಬೇಡಿ, "ನಿಧಾನ, ನಿಧಾನ" ಎನ್ನಬೇಡಿ, ಮುಖ ನೋಡುತ್ತಾ ಕೇಳಿಸಿಕೊಳ್ಳಿ. ಮನೆಯಲ್ಲಿ ಅಂದಿನಿಂದ ಇದೇ ನಿಯಮ. ಚಿನ್ನಿಗೆ ಎಂಟು ವರ್ಷ, ಅವಳೂ ಪಾಲಿಸುತ್ತಾಳೆ.

ಏಪ್ರಿಲ್‌ನಲ್ಲಿ ಇಬ್ಬರನ್ನೂ ಬೇಸಿಗೆ ಶಿಬಿರಕ್ಕೆ ಸೇರಿಸಿದೆವು. ಮೈಸೂರಿನ ರಂಗಾಯಣದ ಚಿಣ್ಣರ ಮೇಳದ ಹೆಸರು ನೀವು ಕೇಳಿರಬಹುದು. ಈಗ ಊರೂರಿನಲ್ಲೂ ಅಂಥ ರಂಗಶಿಬಿರಗಳು ನಡೆಯುತ್ತವೆ. ನಮ್ಮ ಬಡಾವಣೆಯ ಹತ್ತಿರ ನಡೆದದ್ದು ಚಿಕ್ಕದು, ನಲವತ್ತು ಮಕ್ಕಳದ್ದು. ಇದಲ್ಲದೆ ಕಂಪ್ಯೂಟರ್ ಶಿಬಿರ, ಅಬ್ಯಾಕಸ್ ಶಿಬಿರ, ವ್ಯಕ್ತಿತ್ವ ವಿಕಸನ ಶಿಬಿರ ಎಂದು ಗೇಟಿಗೆ ದಿನಕ್ಕೊಂದು ಕರಪತ್ರ ಸಿಕ್ಕಿಸಿ ಹೋಗುತ್ತಿದ್ದರು. ಹತ್ತು ವರ್ಷದ ಮಗುವಿನ ವ್ಯಕ್ತಿತ್ವವನ್ನು ಹದಿನೈದು ದಿನದಲ್ಲಿ ವಿಕಸಿಸುವವರ ಮೇಲೆ ನನಗೆ ನಂಬಿಕೆ ಕಡಿಮೆ. ಸಂಜೆ ಮನೆಗೆ ಬಂದ ಮಗುವಿನ ಅಂಗಿಯ ಮೇಲೆ ಜೇಡಿಮಣ್ಣು, ಬಣ್ಣ, ಗೋಂದು ಇದ್ದರೆ ಆ ಶಿಬಿರ ಒಳ್ಳೆಯದು ಎಂಬುದು ನನ್ನ ಲೆಕ್ಕ. ಬಟ್ಟೆ ಒಗೆಯುವವರ ಲೆಕ್ಕ ಬೇರೆ ಇರಬಹುದು.

ಪುಟ್ಟು ಮೊದಲ ದಿನ ಗೇಟಿನಲ್ಲೇ ನಿಂತ. ಒಳಗೆ ಹೋದರೆ ಹೆಸರು ಕೇಳುತ್ತಾರೆ ಎಂಬ ಭಯ. ಶಿಬಿರದ ಮೇಷ್ಟ್ರು ಹೆಸರು ಕೇಳಲಿಲ್ಲ. ಎಲ್ಲರ ಕೈಗೂ ಒಂದೊಂದು ರಟ್ಟು ಕೊಟ್ಟು, "ನಿಮಗೆ ಇಷ್ಟವಾದ ಪ್ರಾಣಿಯ ಮುಖವಾಡ ಮಾಡಿ" ಎಂದರು. ಮೂರು ದಿನ ಎಲ್ಲರನ್ನೂ ಆನೆ, ಗೂಬೆ, ಓತಿಕ್ಯಾತ ಎಂದೇ ಕರೆದರು. ಪುಟ್ಟು ಓತಿಕ್ಯಾತ. ವಾರದೊಳಗೆ ಹಾಡು ಶುರುವಾಯಿತು. ಉಗ್ಗುವವರು ಹಾಡುವಾಗ, ಹತ್ತು ಜನ ಒಟ್ಟಿಗೆ ಹೇಳುವಾಗ ಸಾಮಾನ್ಯವಾಗಿ ಉಗ್ಗುವುದಿಲ್ಲ. ಮೇಳದ ಹಾಡಿನಲ್ಲಿ ಪುಟ್ಟುವಿನ ದನಿಯೇ ಜೋರು. ಕೊನೆಯ ದಿನದ ನಾಟಕದಲ್ಲಿ ಅವನು ಮೇಳದ ಮುಂದಾಳು, ಕೈಯಲ್ಲಿ ತಮಟೆ. ಚಿನ್ನಿ ಕಾಗೆಯಾಗಿ ಇಡೀ ರಂಗದ ತುಂಬ ಕಾ ಕಾ ಎಂದು ಹಾರಿದಳು. ಒಂಟಿಯಾಗಿ ಹೇಳುವ ಮಾತೊಂದನ್ನು ಮೇಷ್ಟ್ರು ಪುಟ್ಟುವಿಗೆ ಕೊಡಲು ಬಂದರಂತೆ. ಅವನು ತಲೆ ಅಲ್ಲಾಡಿಸಿದನಂತೆ. ಅವರು ಒತ್ತಾಯಿಸಲಿಲ್ಲ. ಆದರೆ ಶಾಲೆಯಲ್ಲಿ ಮೇಳವಿರುವುದಿಲ್ಲ, ಒಬ್ಬನೇ ಎದ್ದು ನಿಂತು ಹೆಸರು ಹೇಳಬೇಕು. ನಮ್ಮೆಲ್ಲರ ತಲೆಯಲ್ಲೂ ಅದೇ ಕೊರೆಯುತ್ತಿತ್ತು, ಬಾಯಿಬಿಟ್ಟು ಯಾರೂ ಆಡಲಿಲ್ಲ.

ಮೇ ತಿಂಗಳಲ್ಲಿ ಮಗನಿಗೆ ಒಂದು ವಾರ ರಜೆ ಸಿಕ್ಕಿತು. ಬೆಳಗಿನ ಐದಕ್ಕೆ ಹೊರಟೆವು. ಬೇಸಿಗೆಯಲ್ಲಿ ಬಯಲುಸೀಮೆಗೆ ಹೋಗುವವರಿಗೆ ನನ್ನದೊಂದು ಮಾತು. ಬೆಳಿಗ್ಗೆ ಆರರಿಂದ ಹತ್ತರವರೆಗೆ ನೋಡಿ, ಮಧ್ಯಾಹ್ನ ನೆರಳಲ್ಲಿ ಮಲಗಿ, ನಾಲ್ಕರ ಮೇಲೆ ಮತ್ತೆ ಹೊರಡಿ. ಹಂಪಿಯ ಬಂಡೆಗಳಿಗೆ ಹನ್ನೆರಡು ಗಂಟೆಯಲ್ಲಿ ಅಜ್ಜ, ಮೊಮ್ಮಗ ಎಂಬ ಭೇದವಿಲ್ಲ.

ಚಿತ್ರದುರ್ಗ ನಮಗೆ ಅರವತ್ತು ಕಿಲೋಮೀಟರ್, ಬಿಸಿಲೇರುವ ಮುಂಚೆಯೇ ಕೋಟೆಯ ಬಾಗಿಲಲ್ಲಿದ್ದೆವು. ಕಲ್ಲಿನ ಕೋಟೆ, ಏಳು ಸುತ್ತಿನ ಕೋಟೆ. 1779ರಲ್ಲಿ ಹೈದರಾಲಿಯ ಕೈಗೆ ಹೋಗುವ ತನಕ ಇದು ಪಾಳೆಯಗಾರರದ್ದು, ಕೊನೆಯವನು ಮದಕರಿ ನಾಯಕ. ಕೋಟೆಯೊಳಗಿನ ಹೊಂಡಗಳನ್ನು ನೋಡಿ ಪುಟ್ಟು ಬಹಳ ಹೊತ್ತು ನಿಂತ. ಬೆಟ್ಟದ ಮೇಲೆ ಬಿದ್ದ ಮಳೆನೀರನ್ನು ಪೋಲಾಗಲು ಬಿಡದೆ ಹೊಂಡಗಳಲ್ಲಿ ಹಿಡಿದಿಟ್ಟ ಏರ್ಪಾಡು ಅದು. ಎಷ್ಟು ತಿಂಗಳು ಮುತ್ತಿಗೆ ಹಾಕಿದರೂ ಒಳಗಿನವರು ಬಾಯಾರಿ ಸಾಯುವ ಹಾಗಿಲ್ಲ. ಚಿನ್ನಿಗೆ ಬೇಕಾದದ್ದು ಓಬವ್ವನ ಕಿಂಡಿ ಮಾತ್ರ. ಗಂಡ ಊಟಕ್ಕೆ ಕೂತಾಗ ನೀರು ತರಲು ಹೋದ ಕಾವಲುಗಾರನ ಹೆಂಡತಿ, ಕಿಂಡಿಯಲ್ಲಿ ನುಸುಳುತ್ತಿದ್ದ ಶತ್ರು ಸೈನಿಕರನ್ನು ಒನಕೆಯಿಂದ ಒಬ್ಬೊಬ್ಬರಂತೆ ಹೊಡೆದುರುಳಿಸಿದ ಕಥೆ ಕನ್ನಡದ ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ. "ಅಜ್ಜಿ, ಒನಕೆ ಅಂದ್ರೆ ಎಷ್ಟು ಉದ್ದ ಇರುತ್ತೆ?" ಎಂದು ಮಾತ್ರ ಕೇಳಿದಳು. ಮಿಕ್ಸಿ ಕಾಲದ ಮಗು! ಅಜ್ಜಿ ಕೈಯೆತ್ತಿ ತೋರಿಸಿದರು. ಆಮೇಲೆ ನಾನು, ಅವರು 1972ರ 'ನಾಗರಹಾವು' ಚಿತ್ರದ ಮಾತಿಗೆ ಇಳಿದೆವು. ಪುಟ್ಟಣ್ಣ ಕಣಗಾಲರ ಚಿತ್ರ, ಓಬವ್ವನಾಗಿ ಜಯಂತಿ. ನಮ್ಮ ವಯಸ್ಸಿನವರು ಈ ಕೋಟೆಯನ್ನು ಮೊದಲು ಕಂಡದ್ದು ಟಾಕೀಸಿನ ಪರದೆಯ ಮೇಲೆಯೇ. ಮಕ್ಕಳು ಎಳೆದುಕೊಂಡು ಹೋಗದಿದ್ದರೆ ಅಲ್ಲೇ ಮಧ್ಯಾಹ್ನವಾಗುತ್ತಿತ್ತು.

ರಾತ್ರಿ ಹೊಸಪೇಟೆ. ಮರುದಿನ ಹಂಪಿ.

ಹಂಪಿಯನ್ನು ಒಂದು ದಿನದಲ್ಲಿ ನೋಡಿದೆ ಎನ್ನುವವರನ್ನು ನಂಬಬೇಡಿ. ನಾವೂ ನೋಡಲಿಲ್ಲ. ಮಕ್ಕಳಿರುವ ಮನೆಯವರು ಮೂರು ಜಾಗ ಆರಿಸಿಕೊಂಡರೆ ಸಾಕು. ನಾವು ಆರಿಸಿದ್ದು ವಿರೂಪಾಕ್ಷ, ವಿಠ್ಠಲ, ಆನೆಲಾಯ. ದಾರಿಯಲ್ಲಿ ಸಿಕ್ಕಿದ್ದು ಉಗ್ರನರಸಿಂಹ. ಒಂದೇ ಬಂಡೆಯಲ್ಲಿ ಕಡೆದ ಈ ಮೂರ್ತಿಯನ್ನು 1528ರಲ್ಲಿ ಕೃಷ್ಣದೇವರಾಯ ಮಾಡಿಸಿದ. 1565ರ ತಾಳಿಕೋಟೆ ಯುದ್ಧದ ನಂತರ ಊರು ಹಾಳಾದಾಗ ಮೂರ್ತಿಯೂ ಜಖಂಗೊಂಡಿತು. ಅಷ್ಟಾದರೂ ಆ ಕಣ್ಣುಗಳ ಮುಂದೆ ಚಿನ್ನಿ ಗದ್ದಲ ನಿಲ್ಲಿಸಿ ಅಮ್ಮನ ಸೆರಗು ಹಿಡಿದುಕೊಂಡಳು.

ವಿರೂಪಾಕ್ಷ ದೇವಸ್ಥಾನದಲ್ಲಿ ಒಂದು ಕತ್ತಲೆ ಮೂಲೆಯಿದೆ. ಅಲ್ಲಿ ಗೋಡೆಯ ಮೇಲೆ ಎದುರಿನ ರಾಜಗೋಪುರದ ನೆರಳು ಬೀಳುತ್ತದೆ, ಅದೂ ತಲೆಕೆಳಗಾಗಿ. "ಗೋಪುರ ಶೀರ್ಷಾಸನ ಹಾಕಿದೆ!" ಎಂದಳು ಚಿನ್ನಿ. ಬೆಳಕು ನೇರವಾಗಿ ಹೋಗುತ್ತದೆ. ಸಣ್ಣ ಕಿಂಡಿಯೊಂದರ ಮೂಲಕ ಕತ್ತಲೆ ಕೋಣೆಗೆ ಬರುವಾಗ, ಗೋಪುರದ ಮೇಲಿನ ತುದಿಯಿಂದ ಹೊರಟ ಬೆಳಕು ಕಿಂಡಿ ದಾಟಿ ಕೆಳಕ್ಕೆ ಹೋಗುತ್ತದೆ, ಬುಡದಿಂದ ಹೊರಟದ್ದು ಮೇಲಕ್ಕೆ ಹೋಗುತ್ತದೆ. ಇದನ್ನು ಪುಟ್ಟು ತಂಗಿಗೆ ಕೈ ಆಡಿಸಿ ವಿವರಿಸಿದ. "ಕಿಂಡಿ" ಎಂಬ ಪದದಲ್ಲಿ ಎರಡು ಸಲ ನಿಂತ. ಅವಳು ಬಾಯಿ ತೆರೆದುಕೊಂಡು ಕಾದಳು. ನೀವು ಮನೆಯಲ್ಲೂ ಮಾಡಿ ನೋಡಬಹುದು. ಚಪ್ಪಲಿ ಡಬ್ಬದ ಒಂದು ಬದಿಗೆ ಸೂಜಿಯಲ್ಲಿ ತೂತು ಹಾಕಿ, ಎದುರು ಬದಿಯನ್ನು ಕತ್ತರಿಸಿ ಎಣ್ಣೆ ಸವರಿದ ತೆಳು ಕಾಗದ ಅಂಟಿಸಿ. ತೂತನ್ನು ಬಿಸಿಲಿನಲ್ಲಿರುವ ಮರದ ಕಡೆಗೆ ಹಿಡಿದು, ತಲೆಗೆ ಕಂಬಳಿ ಮುಸುಕು ಹಾಕಿಕೊಂಡು ಕಾಗದ ನೋಡಿ.

ಕಲ್ಲಿನ ರಥದ ಮುಂದೆ ಐವತ್ತರ ನೋಟು ಹಿಡಿದು ಫೋಟೋ ತೆಗೆಸಿಕೊಳ್ಳುವವರ ಸಾಲೇ ಇತ್ತು. ನಾವೂ ನಿಂತೆವು, ನಾಚಿಕೆ ಏಕೆ? ರಥದ ಮುಂದಿರುವುದು ಎರಡು ಕಲ್ಲಿನ ಆನೆಗಳು. "ಕುದುರೆ ಎಲ್ಲಿ?" ಎಂದು ಮಗುವೊಂದು ಕೇಳುತ್ತಿತ್ತು. ಅಲ್ಲೇ ಮಹಾಮಂಟಪದ ಸಂಗೀತ ಕಂಬಗಳಿವೆ. ಈಗ ತಟ್ಟಲು ಬಿಡುವುದಿಲ್ಲ. ಬಿಡದಿರುವುದೇ ಸರಿ. ದಿನಕ್ಕೆ ಸಾವಿರ ಜನ ತಟ್ಟಿದರೆ ಕಲ್ಲೂ ಸವೆಯುತ್ತದೆ.

ಮೂರನೆಯ ದಿನ ಕುಷ್ಟಗಿ ದಾಟಿ ಇಳಕಲ್ಲಿಗೆ ಬಂದೆವು. ಇಲ್ಲಿ ಹೆಂಗಸರನ್ನು ಗಾಡಿಯಿಂದ ಇಳಿಸಿದರೆ ಎರಡು ಗಂಟೆ ಹೋಯಿತೆಂದೇ ತಿಳಿಯಿರಿ. ಇಳಕಲ್ ಸೀರೆಯ ಒಡಲು, ಸೆರಗು ಎರಡರ ಹಾಸೂ ಬೇರೆ ಬೇರೆ. ನೇಯುವಾಗ ಒಡಲಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಕೊಂಡಿ ಹಾಕಿ ಜೋಡಿಸುತ್ತಾರೆ. ಮಗ್ಗದವರು ತೋರಿಸಿದಾಗ ಪುಟ್ಟು ಕಣ್ಣು ಮಿಟುಕಿಸದೆ ನೋಡಿದ. ಪ್ರವಾಸದ ಜಮಾ ಖರ್ಚು ಬರೆಯುವವನು ನಾನು. ಸೊಸೆಯ ಸೀರೆಯನ್ನು "ಇತರೆ ವೆಚ್ಚ"ದಲ್ಲಿ, ನಮ್ಮ ಮನೆಯವರ ಸೀರೆಯನ್ನು "ಅನಿವಾರ್ಯ ವೆಚ್ಚ"ದಲ್ಲಿ ಬರೆದೆ. "ಮಾವಾ, ಇದ್ಯಾವ ನ್ಯಾಯ?" ಎಂದು ಸೊಸೆ ದಾರಿಯುದ್ದಕ್ಕೂ ತಕರಾರು ತೆಗೆದಳು. ಅಮೀನಗಡದಲ್ಲಿ ಕರದಂಟು ಕೊಡಿಸಿದ ಮೇಲೆ ರಾಜಿಯಾಯಿತು.

ಐಹೊಳೆಗೆ ಸಂಜೆ ತಲುಪಿದೆವು. ದುರ್ಗ ದೇವಾಲಯ ನೋಡಿ. ಹೆಸರು ದುರ್ಗಾದೇವಿಯಿಂದ ಬಂದದ್ದಲ್ಲ, ದುರ್ಗ ಎಂದರೆ ಕೋಟೆ, ಅದರಿಂದ ಬಂದದ್ದು. ಮೇಗುತಿ ಗುಡ್ಡದ ಮೇಲಿನ ಜಿನಾಲಯದಲ್ಲಿ ರವಿಕೀರ್ತಿಯ ಶಾಸನವಿದೆ. ಇಮ್ಮಡಿ ಪುಲಕೇಶಿ ಉತ್ತರದ ಹರ್ಷನನ್ನು ಗೆದ್ದ ಸಂಗತಿ ಅದರಲ್ಲಿದೆ. ಕಾಳಿದಾಸ, ಭಾರವಿಯರ ಹೆಸರೂ ಇದೆ. ಶಾಸನದ ಕಾಲ ಶಕವರ್ಷ 556. ಮಕ್ಕಳೇ, ಶಕವರ್ಷಕ್ಕೆ 78 ಕೂಡಿಸಿದರೆ ನಮ್ಮ ಇಸವಿ ಬರುತ್ತದೆ. ಕೂಡಿಸಿ ನೋಡಿ. ಪುಟ್ಟು ಮನಸ್ಸಿನಲ್ಲೇ ಕೂಡಿಸಿ, ಬಾಯಲ್ಲಿ ಹೇಳುವ ಬದಲು ಬೆರಳಿನಿಂದ ಧೂಳಿನ ಮೇಲೆ ಬರೆದ: 634.

ಅವನು ಹೀಗೆ ಬರೆಯುವುದು ನಮಗೆ ಹೊಸದಲ್ಲ. ಹೋಟೆಲಿನಲ್ಲಿ ಬೇಕಾದದ್ದನ್ನು ಪಟ್ಟಿಯಲ್ಲಿ ಬೆರಳಿಟ್ಟು ತೋರಿಸುತ್ತಾನೆ. ಅಂಗಡಿಯಲ್ಲಿ ಚೀಟಿ ಕೊಡುತ್ತಾನೆ. ಹೊಸ ಶಾಲೆಯಲ್ಲೂ ಚೀಟಿ ಕೊಟ್ಟು ಎಷ್ಟು ದಿನ ಕಳೆಯುವುದು ಎಂದು ಆ ರಾತ್ರಿ ಬಾದಾಮಿಯ ವಸತಿಗೃಹದ ಜಗಲಿಯಲ್ಲಿ ಮಗ ನನ್ನ ಹತ್ತಿರ ಮೆಲ್ಲಗೆ ಕೇಳಿದ. ಮಕ್ಕಳು ನಿದ್ದೆ ಮಾಡಿದ್ದರು. ನಾನು ಏನೂ ಹೇಳಲಿಲ್ಲ. ಹೇಳುವಂಥದ್ದು ತೋಚಲೂ ಇಲ್ಲ.

ಬಾದಾಮಿಯ ಕೆಂಪು ಬಂಡೆ ಬೆಳಗಿನ ಬಿಸಿಲಿಗೆ ಕಾಯಿಸಿದ ತಾಮ್ರದ ಹಾಗೆ. ಕೆಳಗೆ ಅಗಸ್ತ್ಯ ತೀರ್ಥ, ಬಟ್ಟೆ ಒಗೆಯುವ ಸದ್ದು ಎದುರು ಬಂಡೆಗೆ ಬಡಿದು ಮರಳುತ್ತದೆ. ನಾಲ್ಕು ಗುಹೆಗಳು. ಮೊದಲನೆಯದರ ಹೊರಬದಿಯಲ್ಲಿ ನಟರಾಜನಿಗೆ ಹದಿನೆಂಟು ಕೈ. ಚಿನ್ನಿ ಎಣಿಸಿದಾಗ ಹದಿನೇಳು ಬಂತು. "ಬ್ಯಾಂಕಿನಲ್ಲಿ ಒಂದು ಕಡಿಮೆ ಬಂದರೆ ಮನೆಗೆ ಹೋಗುವ ಹಾಗಿಲ್ಲ" ಎಂದೆ. ಮೂರನೆಯ ಸಲಕ್ಕೆ ಲೆಕ್ಕ ಸರಿಹೋಯಿತು. ಅಷ್ಟರಲ್ಲಿ ಒಂದು ಕೋತಿ ನಮ್ಮ ಮಂಡಕ್ಕಿ ಚೀಲವನ್ನು ಎತ್ತಿಕೊಂಡು ಹೋಗಿ ಬಂಡೆಯ ಮೇಲೆ ಕೂತು ಸಾವಕಾಶವಾಗಿ ತಿಂದಿತು. ಮೂರನೆಯ ಗುಹೆಯಲ್ಲಿ 578ನೆಯ ಇಸವಿಯ ಮಂಗಲೇಶನ ಶಾಸನವಿದೆ. ಬಾದಾಮಿಯಲ್ಲೇ ಇನ್ನೊಂದು ಕಡೆ ಕಪ್ಪೆ ಅರಭಟ್ಟನ ಶಾಸನ. ಕನ್ನಡದ ತ್ರಿಪದಿ ಮೊದಲು ಕಾಣುವುದು ಅದರಲ್ಲಿ. ಅಜ್ಜಿಯರು ಬೀಸುವಾಗ ಹಾಡುತ್ತಿದ್ದ ಮೂರು ಸಾಲಿನ ಹಾಡಿಗೆ ಅಷ್ಟು ಹಳೆಯ ಬೇರು.

ಬನಶಂಕರಿಯಲ್ಲಿ ದೇವರ ದರ್ಶನ ಮುಗಿಸಿ ಹೊರಗೆ ಬಂದರೆ ಬುಟ್ಟಿ ಹೊತ್ತ ಹೆಂಗಸರು ಸುತ್ತುವರಿದರು. "ಬರ್ರಿ ಅಣ್ಣಾರ, ರೊಟ್ಟಿ ಊಟಾ ಮಾಡ್ರಿ, ಗಟ್ಟಿ ಮೊಸರೈತಿ." ಮರದ ನೆರಳಲ್ಲಿ ಕೂರಿಸಿ ಬಡಿಸಿದರು. ಖಡಕ್ ಜೋಳದ ರೊಟ್ಟಿ, ಕೆಂಪು ಖಾರ, ಕಾಳುಪಲ್ಯ, ಮಣ್ಣಿನ ಕುಡಿಕೆಯಲ್ಲಿ ಮೊಸರು. ಬಡಿಸಿದ ಅಜ್ಜಿ ಪುಟ್ಟುವಿನ ಕಡೆಗೆ ತಿರುಗಿ, "ತಮ್ಮಾ, ನಿನ್ನ ಹೆಸರೇನೋ?" ಎಂದರು. ನಮ್ಮೆಲ್ಲರ ಕೈ ತಟ್ಟೆಯಲ್ಲೇ ನಿಂತಿತು. ಪುಟ್ಟು ಬಾಯಿ ತೆರೆದ, ಮೊದಲಕ್ಷರ ಹೊರಡಲಿಲ್ಲ, ಕಣ್ಣು ಕೆಳಗೆ ಹಾಕಿದ. ಆ ಅಜ್ಜಿ "ಇರ್ಲಿ ಬಿಡಪ್ಪ, ಹೊಟ್ಟಿ ತುಂಬಾ ಉಣ್ಣು" ಎಂದು ಇನ್ನೊಂದು ರೊಟ್ಟಿ ಹಾಕಿ ಮುಂದೆ ಹೋದರು. ಅವನು ಆ ರೊಟ್ಟಿ ಮುಟ್ಟಲಿಲ್ಲ.

ಪಟ್ಟದಕಲ್ಲಿನ ಬಗ್ಗೆ ಹೆಚ್ಚು ಬರೆಯಲಾರೆ, ಬಿಸಿಲಿಗೆ ನನಗೆ ತಲೆ ಸುತ್ತು ಬಂದು ಅರ್ಧ ಹೊತ್ತು ಬೇವಿನ ಮರದ ಕೆಳಗೆ ಕೂತೆ. ಆದರೂ ವಿರೂಪಾಕ್ಷ ದೇವಾಲಯ ನೋಡದೆ ಬರಲಿಲ್ಲ. ಎರಡನೆಯ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದದ್ದರ ನೆನಪಿಗೆ ಅವನ ರಾಣಿ ಲೋಕಮಹಾದೇವಿ ಕಟ್ಟಿಸಿದ ಗುಡಿ.

ಐದನೆಯ ದಿನ ಬಾಗಲಕೋಟೆಯ ಮೇಲೆ ವಿಜಯಪುರದ ಹಾದಿ. ಕೊಲ್ಹಾರದ ಬಳಿ ಕೃಷ್ಣೆಯ ಮೇಲೆ ಉದ್ದನೆಯ ಸೇತುವೆ. ಎರಡೂ ಬದಿ ಆಲಮಟ್ಟಿಯ ಹಿನ್ನೀರು ಕಣ್ಣು ಹರಿಯುವಷ್ಟು ದೂರ. ಸೇತುವೆ ದಾಟಿ ಕೊಲ್ಹಾರದ ಮೊಸರು ತಿನ್ನದೆ ಹೋಗಬೇಡಿ. ಕುಡಿಕೆಯನ್ನು ಬೋರಲು ಹಾಕಿದರೂ ಬೀಳದಷ್ಟು ಗಟ್ಟಿ ಎನ್ನುತ್ತಾರೆ. ಚಿನ್ನಿ ಪರೀಕ್ಷಿಸಲು ಹೊರಟಿದ್ದಳು, ಅವಳ ಅಮ್ಮ ಕೈ ಹಿಡಿದಳು.

ವಿಜಯಪುರದಲ್ಲಿ ನಾವಿಳಿದ ಕಡೆಯ ಕಾವಲುಗಾರರು ಹೇಳಿದ ಮಾತು ಬಹಳ ಉಪಯೋಗಕ್ಕೆ ಬಂತು. "ಯಜಮಾನ್ರ, ಗೋಲಗುಮ್ಮಟಕ್ಕ ನಸುಕಿನ್ಯಾಗ ಹೋಗ್ರಿ. ಹೊತ್ತೇರಿದ್ರ ಮಂದಿ ಚೀರ್ತಾರ, ಏನೂ ಕೇಳಂಗಿಲ್ಲ." ಹಾಗೆಯೇ ಬಾಗಿಲು ತೆರೆಯುವ ಹೊತ್ತಿಗೆ ಹೋದೆವು.

ಗೋಲಗುಮ್ಮಟ ಮೊಹಮ್ಮದ್ ಆದಿಲ್ ಶಾಹನ ಸಮಾಧಿ. ಅವನು ಆಳಿದ್ದು 1627ರಿಂದ 1656ರವರೆಗೆ. ಚೌಕಾಕಾರದ ಒಂದೇ ದೊಡ್ಡ ಕೋಣೆ, ನಡುವೆ ಒಂದೂ ಕಂಬವಿಲ್ಲ. ಮೇಲೆ ಹೊರ ಅಳತೆಯಲ್ಲಿ ಸುಮಾರು 44 ಮೀಟರ್ ಅಡ್ಡಗಲದ ಗುಮ್ಮಟ. ಒಂದರೊಳಗೊಂದು ಹೆಣೆದ ಕಮಾನುಗಳು ಚೌಕವನ್ನು ಮೆಲ್ಲಗೆ ದುಂಡಗಾಗಿಸುತ್ತಾ ಹೋಗಿ ಅಷ್ಟೂ ಭಾರವನ್ನು ಹೊತ್ತುಕೊಂಡಿವೆ. ನಾಲ್ಕು ಮೂಲೆಗೆ ನಾಲ್ಕು ಏಳಂತಸ್ತಿನ ಗೋಪುರ. ಮೆಟ್ಟಿಲು ಕಿರಿದು, ಕಡಿದು. ನಮ್ಮ ಮನೆಯವರು ಮಂಡಿ ನೋವೆಂದು ಕೆಳಗೆ ಹುಲ್ಲುಹಾಸಿನ ಬಳಿಯೇ ಕೂತರು. ನಾನು ಪ್ರತಿ ಅಂತಸ್ತಿನಲ್ಲೂ ನಿಂತು, ಕಿಟಕಿಯ ಗಾಳಿ ಕುಡಿದು, ಹತ್ತಿದೆ.

ಗುಮ್ಮಟದ ಬುಡದಲ್ಲಿ ಒಳಗಡೆ ಸುತ್ತಲೂ ಮೊಗಸಾಲೆಯಿದೆ. ಅದೇ ಪಿಸುಮಾತಿನ ಮೊಗಸಾಲೆ. ನಾವು ಹೋದಾಗ ಐದಾರು ಜನರಿದ್ದರು. ಚಿನ್ನಿ ಮೊದಲು ಕಾಗೆಯ ಕಾ ಕಾ ಹಾಕಿದಳು. ಕಾಗೆಗಳ ಹಿಂಡೇ ಉತ್ತರ ಕೊಟ್ಟಿತು. ಒಂದು ಚಪ್ಪಾಳೆಗೆ ಏಳೆಂಟು ಚಪ್ಪಾಳೆ. ಆಮೇಲೆ ಅಲ್ಲಿದ್ದ ಸಿಬ್ಬಂದಿಯೊಬ್ಬರು, ಒಬ್ಬರು ಈ ಕಡೆ ಗೋಡೆಗೆ ಕಿವಿಯಿಟ್ಟು ಕೂರಿ, ಇನ್ನೊಬ್ಬರು ನೇರ ಎದುರು ಹೋಗಿ ಗೋಡೆಗೆ ಬಾಯಿಟ್ಟು ಪಿಸುಗುಟ್ಟಲಿ ಎಂದರು. ದುಂಡನೆಯ ಗೋಡೆಗೆ ಬಡಿದ ಸದ್ದು ಗೋಡೆಯನ್ನೇ ಅಂಟಿಕೊಂಡು, ಮತ್ತೆ ಮತ್ತೆ ಪ್ರತಿಫಲಿಸುತ್ತಾ, ಹೆಚ್ಚು ಚದುರದೆ ಎದುರು ಬದಿಗೆ ಬರುತ್ತದೆ. ಲಂಡನ್ನಿನ ಸೇಂಟ್ ಪಾಲ್ ಚರ್ಚಿನಲ್ಲೂ ಇಂಥದ್ದೇ ಮೊಗಸಾಲೆಯಿದೆ. ನಮ್ಮ ಸಿ.ವಿ. ರಾಮನ್ ಅವರು ಅಲ್ಲಿಗೆ ಹೋದಾಗ ಅದನ್ನು ಪರೀಕ್ಷಿಸಿ ಪ್ರಬಂಧ ಬರೆದಿದ್ದಾರೆ.

ನಾನು ಗೋಡೆಗೆ ಕಿವಿ ಕೊಟ್ಟು ಕೂತೆ. ಪುಟ್ಟು ಅಪ್ಪನ ಜೊತೆ ಎದುರು ಬದಿಗೆ ನಡೆದು ಹೋದ. ಅಷ್ಟು ದೂರಕ್ಕೆ ಅವನು ಅಂಗೈಯಷ್ಟು ಕಾಣುತ್ತಿದ್ದ. ಗೋಡೆಯ ಕಡೆಗೆ ತಿರುಗಿದ. ನನ್ನ ಕಿವಿಯ ಪಕ್ಕದಲ್ಲೇ ಕೂತು ಹೇಳಿದ ಹಾಗೆ ಅವನ ದನಿ ಬಂತು. ತನ್ನ ಪೂರ್ತಿ ಹೆಸರು, ಅಪ್ಪನ ಹೆಸರು, ಊರು, ಹೊಸ ಶಾಲೆ, ಆರನೆಯ ತರಗತಿ. ಒಂದೇ ಉಸಿರಿಗೆ, ಎಲ್ಲೂ ನಿಲ್ಲದೆ. ಪಿಸುಗುಟ್ಟುವಾಗ ಗಂಟಲಿನ ಧ್ವನಿತಂತುಗಳು ಕಂಪಿಸುವುದಿಲ್ಲ. ಉಗ್ಗುವ ಬಹಳ ಮಂದಿಗೆ ಪಿಸುಮಾತು ಸಲೀಸು. ಇದನ್ನು ಮೈಸೂರಿನಲ್ಲಿ ಹೇಳಿದ್ದರು. ನನಗೆ ಗೊತ್ತಿತ್ತು. ಗೊತ್ತಿದ್ದರೂ ಆ ಹನ್ನೊಂದು ವರ್ಷದ ದನಿಯಲ್ಲಿ ಅವನ ಹೆಸರನ್ನು ಅಷ್ಟು ನಯವಾಗಿ ನಾನು ಕೇಳಿದ್ದು ಅದೇ ಮೊದಲು. ಕನ್ನಡಕ ತೆಗೆದು ಒರೆಸಿಕೊಂಡೆ.

ಮತ್ತೆ ದನಿ ಬಂತು. "ಅಜ್ಜಾ, ಸ್ಕೂಲಲ್ಲಿ ನಗ್ತಾರೆ. ನಕ್ಕರೆ ಏನ್ ಮಾಡ್ಲಿ?"

ನಾನು ಗೋಡೆಗೆ ಬಾಯಿ ಇಡುವಷ್ಟರಲ್ಲಿ ಒಂದು ಬಸ್ಸಿನ ಜನ ಮೆಟ್ಟಿಲು ಹತ್ತಿ ಬಂದರು. ಶಿಳ್ಳೆ, ಕೂಗು, "ಹೋ" ಎಂಬ ಸದ್ದು ಗುಮ್ಮಟದ ತುಂಬ. ನನ್ನ ಪಿಸುಮಾತು ಎಲ್ಲೋ ಮುಳುಗಿತು. ಎದುರು ಬದಿಯಲ್ಲಿ ಪುಟ್ಟು ಕಿವಿ ಹಿಡಿದು ಕೂತೇ ಇದ್ದ.

ಉತ್ತರ ಹೇಳಿದ್ದು ಒಂದು ಗಂಟೆಯ ಮೇಲೆ, ಇಬ್ರಾಹಿಂ ರೋಜಾದ ಕಲ್ಲುಕಟ್ಟೆಯ ನೆರಳಲ್ಲಿ. ನಾನು ಕೌಂಟರಿನಲ್ಲಿದ್ದಾಗಿನ ಮಾತು. ಆಗ ಹಿತ್ತಾಳೆ ಟೋಕನ್ ಕೊಟ್ಟು ಕರೆಯುವ ಕಾಲ. ಪ್ರತಿ ಸೋಮವಾರ, ಸಂತೆಯ ದಿನ, ಒಬ್ಬ ರೈತರು ಹಣ ಕಟ್ಟಲು ಬರುತ್ತಿದ್ದರು. ಅವರಿಗೂ ಉಗ್ಗು. ಖಾತೆ ನಂಬರು ಹೇಳಲು ಎರಡು ನಿಮಿಷ ಬೇಕು. ಸಾಲಿನಲ್ಲಿ ಹಿಂದಿದ್ದವರು ಮುಸಿಮುಸಿ ನಗುತ್ತಿದ್ದರು. ಅವರು ತಿರುಗಿ ನೋಡುತ್ತಿರಲಿಲ್ಲ, ನಂಬರನ್ನು ಅರ್ಧಕ್ಕೆ ಬಿಡುತ್ತಲೂ ಇರಲಿಲ್ಲ. ನಗು ನಿಲ್ಲುವ ತನಕ ಸುಮ್ಮನಿದ್ದು, ಎಲ್ಲಿ ನಿಂತಿತ್ತೋ ಅಲ್ಲಿಂದ ಮುಂದುವರಿಸಿ ಕೊನೆಯ ಅಂಕಿಯವರೆಗೂ ಹೇಳಿಯೇ ಹಣ ಕೊಡುತ್ತಿದ್ದರು. ನಾನು ಪೆನ್ನು ಹಿಡಿದು ಕಾಯುತ್ತಿದ್ದೆ. ಹತ್ತು ವರ್ಷ ಹೀಗೇ ನಡೆಯಿತು.

"ಅ... ಅವರ ಲೆಕ್ಕ ಯಾವತ್ತಾದ್ರೂ ತಪ್ಪಿತ್ತಾ?" ಎಂದು ಕೇಳಿದ ಪುಟ್ಟು.

"ಒಂದು ಪೈಸೆ ತಪ್ಪಿಲ್ಲ" ಎಂದೆ. ಅದು ನಿಜ.

ಆಮೇಲೆ ಮಲಿಕ್-ಎ-ಮೈದಾನ್ ತೋಪು ನೋಡಿದೆವು. 55 ಟನ್ ತೂಕದ ಆ ತೋಪಿನ ಬಾಯಿ ಸಿಂಹದ ಬಾಯಿ. ಮುಟ್ಟಿದರೆ ಬಿಸಿಲಿಗೆ ಕೈ ಸುಡುತ್ತಿತ್ತು. ಮರುದಿನ ಹುಬ್ಬಳ್ಳಿಯ ಮೇಲೆ ಊರಿಗೆ. ಹಾವೇರಿ ದಾಟುವ ಹೊತ್ತಿಗೆ ಮಳೆಹನಿ ಬಿತ್ತು, ಚಿನ್ನಿ ಕಿಟಕಿಯಿಂದ ಕೈ ಹೊರಗೆ ಚಾಚಿ ಬೈಸಿಕೊಂಡಳು.

ಜೂನ್ ಮೊದಲ ವಾರ ಶಾಲೆ. ಸಂಜೆ ಪುಟ್ಟು ಬಂದು ಬ್ಯಾಗು ಇಟ್ಟು, ಕೈಕಾಲು ತೊಳೆದು, ಅವಲಕ್ಕಿ ತಿಂದ. ಯಾರೂ ಏನೂ ಕೇಳಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಅವನಾಗಿಯೇ ಹೇಳಿದ. ತರಗತಿಯಲ್ಲಿ ಎಲ್ಲರೂ ಎದ್ದು ನಿಂತು ಹೆಸರು ಹೇಳಬೇಕಾಗಿತ್ತು. ಇವನ ಸರದಿ ಬಂದಾಗ ಮೊದಲಕ್ಷರದಲ್ಲೇ ನಿಂತಿತು. ಹಿಂದಿನ ಬೆಂಚಿನಲ್ಲಿ ಮೂವರು ನಕ್ಕರು. ಇವನು ಕಾದ. ಅವರ ನಗು ಮುಗಿಯಿತು. ಆಮೇಲೆ ಪೂರ್ತಿ ಹೆಸರು ಹೇಳಿ ಕೂತ. ಟೀಚರ್ "ಸರಿ" ಎಂದು ಮುಂದಿನವನನ್ನು ಎಬ್ಬಿಸಿದರು. ಇಷ್ಟನ್ನು ಹೇಳಲು ಅವನಿಗೆ ಐದು ನಿಮಿಷ ಹಿಡಿಯಿತು, ಸಾರು ತಣ್ಣಗಾಯಿತು.

ಮೈಸೂರಿನ ಅಭ್ಯಾಸಗಳು ಈಗಲೂ ನಡೆಯುತ್ತಿವೆ. ಉಗ್ಗು ಇದ್ದೇ ಇದೆ, ಕೆಲವು ದಿನ ಹೆಚ್ಚು, ಕೆಲವು ದಿನ ಕಡಿಮೆ. ಮುಂದಿನ ಬೇಸಿಗೆಗೆ ಚಿನ್ನಿ ಕಾರವಾರದ ಕಡಲು ನೋಡಬೇಕೆನ್ನುತ್ತಿದ್ದಾಳೆ. ಪುಟ್ಟುವಿಗೆ ಮತ್ತೆ ಅದೇ ರಂಗಶಿಬಿರ. ಈ ಸಲ ಅರ್ಜಿ ಫಾರಂ ಕೇಳಿ ತರಲು ಅಪ್ಪ ಬರಬೇಕಾಗಿಲ್ಲ, ತಾನೇ ಹೋಗುತ್ತಾನಂತೆ.